ಸುಣ್ಣ ಮುಟ್ಟದ ಗೋಡೆ

ನನ್ನ ಹೆಂಡತಿ ಹಾಲಮ್ಮನಿಗೆ ನಾನೊಂದು ಮಾತು ಕೊಟ್ಟಿದ್ದೆ. ನಮ್ಮ ಮನೆಯ ಹಿಂದಿನ ಹತ್ತಿ ಗೋದಾಮಿನ ಗೋಡೆಗೆ, ಮಗಳು ಅವಳಷ್ಟು ಎತ್ತರ ಬೆಳೆಯುವ ತನಕ ಸುಣ್ಣ ಮುಟ್ಟಿಸುವುದಿಲ್ಲ ಎಂದು. ಮಗಳು ಆಗ ತೊಟ್ಟಿಲಲ್ಲಿದ್ದಳು. ಆ ಬೇಸಿಗೆಯನ್ನು ತಾನು ದಾಟುವುದಿಲ್ಲವೆಂದು ಹಾಲಮ್ಮನಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಇಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ, ಅಷ್ಟೆ. ಒಂದು ಸಂಜೆ ಅವಳು ತಾನಾಗಿ ಹಾಸಿಗೆಯಿಂದ ಎದ್ದು, ತಲೆ ಬಾಚಿ ತುರುಬು ಕಟ್ಟಿಕೊಂಡು, ಗೋದಾಮಿನ ಮುಂದಿನ ಬಯಲಿಗೆ ಹೋಗಿ ಗೋಡೆಯಿಂದ ಒಂದು ಮೊಳ ಈಚೆಗೆ ನಿಂತಳು. ಮುಳುಗುವ ಸೂರ್ಯ ಎದುರಿಗಿದ್ದ. ನೆರಳು ಹಿಂದಿನ ಗೋಡೆಯ ಮೇಲೆ ಆಳೆತ್ತರಕ್ಕೆ ಬಿದ್ದಿತ್ತು.

"ನಿಲ್ಲಬ್ಯಾಡ ಕಣೇ, ಸುಸ್ತಾಗ್ತದೆ," ಅಂದೆ.

"ನಿಂತ್ರೆ ತಾನೇ ಅಂಟೋದು? ಸುಮ್ಕಿರು," ಅಂದಳು.

ಬಲಗೈಯನ್ನು ಸೊಂಟದ ಮೇಲಿಟ್ಟು, ಎಡಗೈ ಇಳಿಬಿಟ್ಟು, ಯಾರನ್ನೋ ಬೈಯಲು ಕಾಯುತ್ತಿರುವವಳ ಹಾಗೆ ನಿಂತೇ ಇದ್ದಳು. ಹೊತ್ತು ಮುಳುಗಿದ ಮೇಲೆ ನಾನೇ ಎತ್ತಿಕೊಂಡು ಒಳಗೆ ಬಂದೆ. "ವನಜ ನನ್ನೆತ್ತರ ಬರೋಗಂಟ ಅದಕ್ಕೆ ಸುಣ್ಣ ಬ್ಯಾಡ. ಒಂದಿನ ನನ್ನ ಪಕ್ಕ ನಿಂತ್ಕಂಡು ಅವಳು ನೋಡ್ಕಬೇಕು. ಆಮೇಲೆ ಬೇಕಾದ್ರೆ ಹೊಡಿ, ಗೋಡೆನೂ ಉಸಿರಾಡ್ಲಿ," ಅಂದಳು. ಆಯ್ತು ಅಂದೆ. ಸುಣ್ಣ ಹೊಡೆದೇ ಹೊಟ್ಟೆ ಹೊರೆಯುವವನು ಇಂಥ ಮಾತು ಕೊಟ್ಟನಲ್ಲ ಎಂದು ಅವಳಿಗೆ ಆಗಲೂ ನಗು ಬಂದಿತ್ತು.

ನಮ್ಮೂರಿನಲ್ಲಿ ನಿಂತ ನೆರಳು ನಿಂತಲ್ಲೇ ಉಳಿಯುತ್ತದೆ. ಒಂದು ಲೋಟ ಚಹಾ ಕುಡಿದು ಮುಗಿಸುವಷ್ಟು ಹೊತ್ತು ಅಲುಗಾಡದೆ ಇದ್ದರೆ ಸಾಕು. ಆದ್ದರಿಂದ ನಮ್ಮಲ್ಲಿ ಚಹಾ ಕುಡಿಯುವವರು ಅಂಗಡಿಯ ಮುಂದೆ ಅತ್ತಿಂದಿತ್ತ ಓಡಾಡುತ್ತಲೇ ಕುಡಿಯುತ್ತಾರೆ. ಬಸ್ಸಿಗೆ ಕಾಯುವವರೂ ಹಾಗೆಯೇ. ಬಾಗಿಲಲ್ಲಿ ಮಾತಿಗೆ ನಿಂತ ಹೆಂಗಸರು ಮಾತಿಗೊಮ್ಮೆ ಕಾಲು ಬದಲಿಸುತ್ತಾರೆ. ಹೊರಗಿನಿಂದ ಬಂದವರಿಗೆ ಊರಿಗೆ ಊರೇ ಏನೋ ಅವಸರದಲ್ಲಿದೆ ಎನ್ನಿಸುತ್ತದೆಯಂತೆ. ಅವಸರವೇನೂ ಇಲ್ಲ. ಬೇಕೆಂದೇ ನಿಲ್ಲುವುದೂ ಉಂಟು. ಮದುವೆಯ ದಿನ ಗಂಡು ಹೆಣ್ಣು ಮನೆಯ ಗೋಡೆಯ ಮುಂದೆ ಒಮ್ಮೆ ನಿಲ್ಲುತ್ತಾರೆ. ವಯಸ್ಸಾದವರು ಮಕ್ಕಳು ತೋರಿಸಿದ ಜಾಗದಲ್ಲಿ ನಿಲ್ಲುತ್ತಾರೆ. ಹೀಗೆ ಊರಿನ ಒಳ್ಳೆಯ ಗೋಡೆಗಳೆಲ್ಲ ತುಂಬಿಹೋಗಿವೆ. ನೆರಳು ಅಂಟಿದ ಜಾಗ ಬೇಸಿಗೆಯಲ್ಲೂ ತಣ್ಣಗಿರುತ್ತದೆ. ನನ್ನ ಅತ್ತೆ ಓಬವ್ವ ಪಕ್ಕದ ಬೀದಿಯಿಂದ ದಿನಾ ಮಧ್ಯಾಹ್ನ ಬಂದು, ಮಗಳ ನೆರಳಿಗೆ ಬೆನ್ನು ಆನಿಸಿ, ಆಗಾಗ ಮಗ್ಗುಲು ಬದಲಿಸುತ್ತ ಎಲೆಅಡಿಕೆ ಹಾಕಿಕೊಂಡು ಹೋಗುತ್ತಿದ್ದಳು. "ನನ್ನ ಹಾಲಿ ಇದ್ದಾಗ್ಲೂ ಇಷ್ಟು ಸೇವೆ ಮಾಡಿರ್ಲಿಲ್ಲ ನಂಗೆ," ಎನ್ನುವಳು.

ಅಳಿಸುವುದಕ್ಕೆ ಸುಣ್ಣವೊಂದೇ ದಾರಿ. ನೀರು, ಸೋಪು, ಬಣ್ಣ ಯಾವುದಕ್ಕೂ ಅದು ಜಗ್ಗುವುದಿಲ್ಲ. ಅದಕ್ಕೇ ನಮ್ಮ ಪುರಸಭೆಯಲ್ಲಿ ಸುಣ್ಣದ ಮೇಸ್ತ್ರಿ ಎಂಬ ಹುದ್ದೆ ಇದೆ. ಆ ಮೇಸ್ತ್ರಿ ನಾನು, ತಿಪ್ಪೇಸ್ವಾಮಿ. ಬೆಳಿಗ್ಗೆ ಎದ್ದು ಸುಣ್ಣದ ಕಲ್ಲು ಅರಳಿಸಲು ಹಾಕಿ, ಮಗಳಿಗೆ ಜಡೆ ಹೆಣೆದು, ಅನ್ನ ಸಾರು ಇಳಿಸಿ, ಏಣಿ ಹೊತ್ತು ಹೊರಟರೆ ಮತ್ತೆ ಕಾಲು ಚಾಚುವುದು ಅವಳ ಯೂನಿಫಾರಂ ಒಗೆದು ಹಾಕಿದ ಮೇಲೆಯೇ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ಎಲ್ಲ ಕಡೆ ಯಾರೋ ಒಬ್ಬರು ಮೈಮರೆತು ನಿಂತಿರುತ್ತಾರೆ.

ಇಂಥ ಊರಿಗೆ ಸಿನಿಮಾ ಒಗ್ಗುವುದಿಲ್ಲ. ಆದರೂ ಪಂಪಣ್ಣ ಟಾಕೀಸು ಕಟ್ಟಿಸಿದ್ದ. ಅಲ್ಲಿ ಪರದೆ ಇಲ್ಲ, ದೊಡ್ಡದೊಂದು ಸುಣ್ಣದ ಗೋಡೆ ಇತ್ತು. ಬಟ್ಟೆಯಾದರೆ ಬೆಳಕನ್ನು ಗೋಡೆಗಿಂತ ಬೇಗ ಕುಡಿದುಬಿಡುತ್ತದೆ, ಒಗೆದರೂ ಬಿಡುವುದಿಲ್ಲ. ಗೋಡೆಯ ಮೇಲೆ ಒಂದು ಚಿತ್ರ ಬಿದ್ದು ಹೋದ ಮೇಲೂ ಅದರ ಕಲೆ ಉಳಿಯುತ್ತದೆ. ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಅರ್ಧ ಗಂಟೆಗೆಲ್ಲ ನಾಯಕಿ ಯಾರು, ಎತ್ತಿನ ಗಾಡಿ ಯಾವುದು ತಿಳಿಯುವುದಿಲ್ಲ. ಅಲ್ಲಿಗೆ ನಿಲ್ಲಿಸಬೇಕು. ಅದನ್ನು ನಾವು ಒಂದು ಪಟ್ಟು ಎನ್ನುತ್ತೇವೆ. ಮಾರನೆಯ ದಿನ ನಾನು ಹಳೆಯ ಸುಣ್ಣ ಹೆರೆದು, ಹೊಸದು ಹೊಡೆದು, ಅದು ಒಣಗಿದ ಮೇಲೆ ಮುಂದಿನ ಪಟ್ಟು. ಹೊಡೆದಾಟದ ಸಿನಿಮಾ ಆದರೆ ಹತ್ತು ನಿಮಿಷಕ್ಕೇ ಗೋಡೆ ಮಸಿ. ರೀಲಿನ ಡಬ್ಬಿಗಳು ಶುಕ್ರವಾರದ ಬಸ್ಸಿಗೆ ವಾಪಸು ಹೋಗಲೇಬೇಕು. ಹೀಗಾಗಿ ನಮ್ಮೂರಿನಲ್ಲಿ ಒಂದು ಸಿನಿಮಾದ ಕೊನೆಯನ್ನು ಯಾರೂ ನೋಡಿದವರಲ್ಲ. ಕೊನೆಯನ್ನು ಪಂಪಣ್ಣ ಹೇಳುತ್ತಿದ್ದ. ಡಬ್ಬಿ ಬಸ್ಸಿನ ಮೇಲೇರಿದ ಸಂಜೆ ಟಾಕೀಸಿನ ಮೆಟ್ಟಿಲ ಮೇಲೆ ಓಡಾಡುತ್ತ, ಹೀಗೀಗಾಯ್ತು, ಇವಳಿಗೂ ಅವನಿಗೂ ಮದುವೆಯಾಯ್ತು ಎಂದು ಮುಗಿಸುತ್ತಿದ್ದ. ಅವನೂ ನೋಡಿರುತ್ತಿರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು. ಆದರೂ ಕೇಳಿಸಿಕೊಂಡೇ ಮನೆಗೆ ಹೋಗುತ್ತಿದ್ದರು.

ಆ ವರ್ಷ ಕಾರ್ತಿಕದಲ್ಲಿ ಹಳೆಯ ನೀಲಿ ವ್ಯಾನೊಂದರಲ್ಲಿ ಇಬ್ಬರು ಬಂದರು. ಒಬ್ಬಾಕೆ ರಷ್ಯಾದವರು, ಅರವತ್ತು ದಾಟಿದ ಹೆಂಗಸು, ಲ್ಯುದ್ಮಿಲಾ ಪಾವ್ಲೊವ್ನಾ ಎಂದು ಹೆಸರು. ಗಂಡಸರ ಕೋಟು, ಕತ್ತರಿಸಿದ ಬಿಳಿ ಕೂದಲು, ಜೇಬಿನ ತುಂಬ ಸೂರ್ಯಕಾಂತಿ ಬೀಜ. ನಮ್ಮ ಜನ ಒಂದೇ ದಿನದಲ್ಲಿ ಆ ಹೆಸರನ್ನು ಲೂದಮ್ಮ ಮಾಡಿದರು. ಇನ್ನೊಬ್ಬ ಸುಧನ್ವ, ನಮ್ಮ ಕಡೆಯ ಹುಡುಗನೇ, ಆಕೆಯ ಹತ್ತಿರ ಸಿನಿಮಾ ಕಲಿತು ಬಂದವನು, ಆಕೆಯ ಮಾತನ್ನು ಕನ್ನಡಕ್ಕೆ ಹೇಳುವವನು. ಊರಿಂದೂರಿಗೆ ಹೋಗಿ ಎಲ್ಲೂ ಸಿಗದ ಸಿನಿಮಾ ತೋರಿಸುವುದು, ತೋರಿಸಿ ಜನರ ಜೊತೆ ಕೂತು ಮಾತಾಡುವುದು ಅವರ ಕೆಲಸ. ದೊಡ್ಡ ಊರುಗಳಲ್ಲಿ ಜನ ಅರ್ಧಕ್ಕೇ ಎದ್ದು ಹೋಗುತ್ತಿದ್ದರಂತೆ. ನಮ್ಮಲ್ಲಿ ಅರ್ಧಕ್ಕೇ ಸಿನಿಮಾ ಎದ್ದು ಹೋಗುತ್ತದೆ ಎಂದು ಪಂಪಣ್ಣ ಅಂದದ್ದು ಅವರಿಗೆ ಅರ್ಥವಾದದ್ದು ಮೊದಲ ಸಂಜೆ, ಅವರು ಜೋಪಾನವಾಗಿ ತಂದಿದ್ದ ಬಿಳಿ ಪರದೆ ಐದು ನಿಮಿಷಕ್ಕೆ ಕಂಬಳಿಯಷ್ಟು ಕಪ್ಪಾದಾಗ. ಲೂದಮ್ಮ ಅದರ ಹತ್ತಿರ ಹೋಗಿ ಮುಟ್ಟಿ ನೋಡಿದರು. ಮೂಸಿದರು. ಆಮೇಲೆ ಅದನ್ನು ಮಗುವಿನ ಬಟ್ಟೆಯ ಹಾಗೆ ಮಡಚಿ ಕೈಯಲ್ಲಿಟ್ಟುಕೊಂಡು ಸುಧನ್ವನಿಗೆ ಏನೋ ಹೇಳಿದರು.

"ಇದುವರೆಗೆ ತನ್ನ ಸಿನಿಮಾನ ಯಾರೂ ಹೀಗೆ ಹಿಡಿದಿಟ್ಟುಕೊಂಡಿರಲಿಲ್ಲ ಅಂತಿದಾರೆ," ಎಂದ ಸುಧನ್ವ.

"ಅವರಿಗೆ ಹೇಳಪ್ಪ, ಒಂದೇ ಕಡೆ ನಿಲ್ಲಬ್ಯಾಡ ಅಂತ. ಓಡಾಡಿ ಲೂದಮ್ಮಾ, ಓಡಾಡಿ!" ಎಂದು ಹಿಂದಿನಿಂದ ಹೆಂಗಸರು ಕೂಗಿದರು.

ಮಾರನೆಯ ದಿನದಿಂದ ಗೋಡೆ ನನ್ನ ಪಾಲಿಗೆ ಬಂತು. ಮೊದಲು ತೋರಿಸಿದ್ದು ಸುಧನ್ವನ ಸಿನಿಮಾ. ನಾಲ್ಕೇ ನಿಮಿಷದ್ದು. ಅದರಲ್ಲಿ ಮನುಷ್ಯರಿಲ್ಲ, ಮರವಿಲ್ಲ, ಮಾತಿಲ್ಲ. ರೀಲಿನ ಮೇಲೆ ಸೂಜಿಯಿಂದ ಗೀರಿ ಗೀರಿ ಮಾಡಿದ ಗೆರೆಗಳು ಮಾತ್ರ ಹುಟ್ಟುತ್ತವೆ, ಓಡುತ್ತವೆ, ಒಂದನ್ನೊಂದು ಹಾಯುತ್ತವೆ. ಮುಗಿದಾಗ ಟಾಕೀಸಿನಲ್ಲಿ ಯಾರೋ ಕೆಮ್ಮಿದರು.

"ಇದೇನ್ರಪ್ಪಾ, ಕೋಳಿ ಕೆದರಿದಂಗೈತಲ್ಲ," ಎಂದ ಮುಂದಿನ ಸಾಲಿನ ಟೈಲರ್ ಚಮನ್ ಸಾಬ.

"ಕೋಳಿಗೆ ಇಷ್ಟು ತಾಳ್ಮೆ ಎಲ್ಲೈತೆ ಸಾಬಣ್ಣ," ಎಂದಳು ಓಬವ್ವ.

ಸುಧನ್ವ ನಕ್ಕುಬಿಟ್ಟ. ಎರಡು ವರ್ಷ ಗೀರಿದ್ದನಂತೆ. ನಾನು ಮರುದಿನ ಏಣಿ ಹೊತ್ತು ಹೋದಾಗ ಟಾಕೀಸಿನ ಬಾಗಿಲುಗಳನ್ನೆಲ್ಲ ತೆಗೆದಿಟ್ಟು ಹೆಂಗಸರು ಹಗಲು ಬೆಳಕಿನಲ್ಲಿ ಗೋಡೆ ನೋಡುತ್ತಿದ್ದರು. ನಾಲ್ಕು ನಿಮಿಷದ ಗೆರೆಗಳೆಲ್ಲ ಒಂದರ ಮೇಲೊಂದು ಬಂದು ಕೂತು, ಮಳೆಯೋ, ಬಲೆಯೋ, ಹುಲ್ಲೋ ಹೇಳಲಾಗದ ಹಾಗೆ ಹರಡಿಕೊಂಡಿದ್ದವು. ಅದರಲ್ಲಿ ಒಂದು ಮೂಲೆಯನ್ನು ಯಾರೋ ನೆನಪಿಟ್ಟುಕೊಂಡು ಹೋಗಿ ಮನೆಯ ಮುಂದೆ ರಂಗೋಲಿಯಲ್ಲಿ ಬಿಟ್ಟರು. ಮುಂದಿನ ವಾರವೆಲ್ಲ ಊರಿನ ಬಾಗಿಲುಗಳಲ್ಲಿ ಅದೇ. ಸುಣ್ಣದಲ್ಲಿ ಅದ್ದಿದ ಕುಂಚ ಹಿಡಿದು ನಾನು ಏಣಿಯ ಮೇಲೆ ಸುಮಾರು ಹೊತ್ತು ಕೂತಿದ್ದೆ. ಹೊಡೆಯಲು ಮನಸ್ಸೇ ಬರಲಿಲ್ಲ. ಅದು ನನ್ನ ಕಸುಬಿನಲ್ಲಿ ಅಲ್ಲಿಯವರೆಗೆ ಆಗಿರಲಿಲ್ಲ.

ಆಮೇಲೆ ಲೂದಮ್ಮನ ದೊಡ್ಡ ಸಿನಿಮಾ ಶುರುವಾಯಿತು. ತೋರಿಸುವ ಮೊದಲು ಆಕೆ ಗೋಡೆಯ ಮುಂದೆ ಬಂದು, ನಾವು ಕಲಿಸಿದ ಹಾಗೆ ಅತ್ತಿಂದಿತ್ತ ನಡೆಯುತ್ತ, ಚಿಕ್ಕದೊಂದು ಮಾತಾಡಿದರು. "ನಿಮ್ಮಲ್ಲಿ ಯಾವ ಸಿನಿಮಾನೂ ಮುಗಿದಿಲ್ಲ ಅಂತ ಕೇಳಿದೆ. ಇದು ಮುಗಿಯೋ ತನಕ ನಾನು ಈ ಊರು ಬಿಡಲ್ಲ." ಸುಧನ್ವ ಅದನ್ನು ಕನ್ನಡದಲ್ಲಿ ಹೇಳಿದಾಗ ಪಂಪಣ್ಣ ತನ್ನ ಹೆಗಲ ಮೇಲಿನ ಟವೆಲ್ ತೆಗೆದು ಕಣ್ಣೊರೆಸಿಕೊಂಡ. ಕೊನೆ ಹೇಳಿ ಹೇಳಿ ಅವನಿಗೂ ಸಾಕಾಗಿತ್ತು ಎಂದು ನಮಗೆ ಗೊತ್ತಾದದ್ದು ಆಗಲೇ.

ಕಥೆ ಇಷ್ಟೇ. ಒಂದು ದೊಡ್ಡ ನದಿ. ಈಚೆ ದಡದಲ್ಲಿ ಹದಿಮೂರು ಹದಿನಾಲ್ಕರ ಹುಡುಗಿಯೊಬ್ಬಳು ಮುದುಕ ಅಂಬಿಗನ ಮನೆಯಲ್ಲಿದ್ದಾಳೆ. ಆಚೆ ದಡದಲ್ಲಿ ಅವಳ ಅಣ್ಣ ದುಡಿಯುತ್ತಾನೆ. ದೋಣಿ ಒಡೆದಿದೆ. ಚಳಿ ಬಂದು ನದಿ ಹೆಪ್ಪುಗಟ್ಟಿದರೆ ಅವಳು ನಡೆದೇ ದಾಟಬಹುದು. ಹೆಪ್ಪುಗಟ್ಟುವುದನ್ನು ಅವಳು ಕಾಯುತ್ತಾಳೆ. ಒಂದೊಂದು ಚಿತ್ರ ಎಷ್ಟು ಹೊತ್ತು ನಿಲ್ಲುತ್ತಿತ್ತೆಂದರೆ ಹುಡುಗಿ ನೀರು ತುಂಬಲು ಹೋದರೆ ಅವಳು ಹೋಗಿ, ತುಂಬಿಕೊಂಡು, ವಾಪಸು ಬರುವ ತನಕ ನಾವು ಖಾಲಿ ಅಂಗಳ ನೋಡುತ್ತಿದ್ದೆವು. ಬೇರೆ ಊರುಗಳಲ್ಲಿ ಇದಕ್ಕೇ ಜನ ಎದ್ದು ಹೋದದ್ದಂತೆ. ನಮ್ಮೂರಿಗೆ ಅದು ಹೇಳಿ ಮಾಡಿಸಿದಂತಿತ್ತು. ಅವಸರದ ಚಿತ್ರ ಗೋಡೆಯ ಮೇಲೆ ಮಸಿಯಾಗುತ್ತದೆ, ಇದು ಮಸಿಯಾಗಲಿಲ್ಲ. ಅಂಗಳದ ಮೇಲೆ ನದಿ, ನದಿಯ ಮೇಲೆ ಹುಡುಗಿಯ ಮುಖ, ಒಂದರ ಹಿಂದೊಂದು ತೆಳ್ಳಗೆ ಕೂತವು. ಒಂದು ಪಟ್ಟು ಹೆಚ್ಚುಕಡಿಮೆ ಒಂದು ಗಂಟೆ ಬಂತು. ನಿಲ್ಲುವುದಕ್ಕೆ ಹೆದರಿ ಹುಟ್ಟಾ ಓಡಾಡಿದ ಜನ ನಾವು. ಅಷ್ಟು ನಿಶ್ಚಿಂತೆಯಾಗಿ ಒಬ್ಬಳು ನಿಂತಿರುವುದನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದೆವು.

ನನ್ನ ಮಗಳು ವನಜ ಒಂದು ಪಟ್ಟನ್ನೂ ತಪ್ಪಿಸಲಿಲ್ಲ. ಮನೆಯಲ್ಲಿ ಅವಳು ಮಾತು ಕಡಿಮೆಯ ಹುಡುಗಿ. ಪ್ರತಿ ತಿಂಗಳು ಹುಣ್ಣಿಮೆಯ ಬೆಳಿಗ್ಗೆ ನಾನು ಅವಳನ್ನು ಗೋದಾಮಿನ ಗೋಡೆಗೆ ಒಯ್ದು ತಾಯಿಯ ಪಕ್ಕ ನಿಲ್ಲಿಸಿ ಅಳೆಯುವುದು ರೂಢಿ. ಮಂಡಿ, ಸೊಂಟ, ಮೊಳಕೈ, ಭುಜ, ಹೀಗೆ ಅವಳು ಮೇಲೇರಿ ಬಂದಿದ್ದಳು. ಅಳೆಯುವಾಗ ಹಿಮ್ಮಡಿ ಎತ್ತುತ್ತಿದ್ದಳು. ಗದರಿದರೆ ಇಳಿಸುತ್ತಿದ್ದಳು. ಬೇಗ ಮುಗಿಯಲಿ ಎಂದು ಎತ್ತುತ್ತಿದ್ದಳೋ, ಅಮ್ಮನಷ್ಟಾಗಬೇಕೆಂಬ ಆಸೆಗೋ ಎಂದು ನಾನು ಕೇಳಿರಲಿಲ್ಲ.

ಮೂರನೆಯ ಪಟ್ಟಿನ ಹೊತ್ತಿಗೆ ಜನಕ್ಕೆ ತಡೆಯಲಾಗಲಿಲ್ಲ. ನದಿಯ ಅಂಚಿನಲ್ಲಿ ಮಂಜಿನ ಪದರ ಕಾಣಿಸಿಕೊಂಡಿತ್ತು. "ಇವತ್ತೇ ಇನ್ನೊಂದು ಪಟ್ಟು ಹಾಕ್ರೀ!" ಎಂದು ಕೂಗು ಬಿತ್ತು. ಹಳೆಯ ಸುಣ್ಣ ಹೆರೆಯುವುದೇ ಅರ್ಧ ದಿನದ ಕೆಲಸ. ಹೆರೆಯದೆ ಮೇಲೆಯೇ ಹೊಡೆದು, ಕೆಂಡದ ಬಾಂಡ್ಲಿಗಳನ್ನಿಟ್ಟು ಒಣಗಿಸಿದರೆ ಎರಡು ಗಂಟೆಗೆ ಗೋಡೆ ತಯಾರು. ನಾನು ಹಾಗೆ ಎಂದೂ ಮಾಡುವವನಲ್ಲ. ಆದರೆ ನನಗೂ ನೋಡಬೇಕಿತ್ತು. ಹೊಡೆದೆ. ಹೆಂಗಸರು ಬೀಸಣಿಗೆ ಹಿಡಿದು ಬೀಸಿದರು. ಟೈಲರ್ ಸಾಬ ತನ್ನ ಇಸ್ತ್ರಿಪೆಟ್ಟಿಗೆಯ ಕೆಂಡ ತಂದು ಸುರಿದ. ಆ ಸಂಜೆ ಎರಡು ಪಟ್ಟು ನೋಡಿದೆವು, ಮಾರನೆಯ ಸಂಜೆ ಇನ್ನೆರಡು. ಹಸಿಯ ಮೇಲೆ ಹಸಿ. ಊರಿಗೆ ಊರೇ ನನ್ನ ಬೆನ್ನು ತಟ್ಟಿತು.

ಅದರ ಮರುದಿನ ಬೆಳಿಗ್ಗೆ ಟಾಕೀಸಿನೊಳಗೆ ಏನೋ ಕುಸಿದ ಸದ್ದು ಕೇಳಿ ಪಂಪಣ್ಣ ಬನಿಯನ್ನಿನಲ್ಲೇ ಓಡಿದ. ನಾನೂ ಹೋದೆ. ಸುಣ್ಣ ಹಪ್ಪಳದ ಹಾಗೆ ಎದ್ದು, ತನ್ನ ಜೊತೆ ಗಾರೆಯನ್ನೂ ಕಿತ್ತುಕೊಂಡು, ಪೂರ್ತಿ ಗೋಡೆ ಬರೀ ಇಟ್ಟಿಗೆಯಾಗಿ ನಿಂತಿತ್ತು. ನೆಲದ ತುಂಬ ದಪ್ಪ ಚಕ್ಕೆಗಳು. ಒಡೆದ ಅಂಚಿನಲ್ಲಿ, ಎಷ್ಟು ಹೆರೆದರೂ ಒಳಗೆ ಉಳಿದಿದ್ದ ಹಳೆಯ ಸಿನಿಮಾಗಳು ಪದರ ಪದರವಾಗಿ ಕಾಣುತ್ತಿದ್ದವು; ಒಂದು ಚೂರಿನಲ್ಲಿ ಯಾರದೋ ಮೀಸೆ, ಇನ್ನೊಂದರಲ್ಲಿ ಕುದುರೆಯ ಕಾಲು, ಒಂದರಲ್ಲಿ ಲೂದಮ್ಮನ ನದಿ. ಪಂಪಣ್ಣ ಬೈಯಲಿಲ್ಲ. ಮೀಸೆಯ ಚೂರನ್ನು ಎತ್ತಿ ಧೂಳು ಊದಿ ಕಿಟಕಿಯ ಮೇಲಿಟ್ಟ. "ಹೆರೀಬೇಕಿತ್ತು ಮೇಸ್ತ್ರಿ," ಅಂದ, ಅಷ್ಟೇ.

ಹೊಸ ಗಾರೆ ಹಾಕಿ ಒಣಗಿಸಲು ಹದಿನೈದು ದಿನ ಬೇಕು. ಲೂದಮ್ಮನ ಕಾಗದಪತ್ರದ ಅವಧಿ ಮೂರು ದಿನಕ್ಕೆ ಮುಗಿಯುತ್ತಿತ್ತು. ಮುಗಿದ ಮೇಲೆ ಆಕೆ ಈ ದೇಶದಲ್ಲೇ ಇರುವಂತಿಲ್ಲ. ಸಿನಿಮಾದಲ್ಲಿ ಉಳಿದದ್ದು ಎರಡು ಪಟ್ಟು. ನದಿ ಗಟ್ಟಿಯಾಯಿತೋ ಇಲ್ಲವೋ ಎಂಬಲ್ಲಿಗೆ ನಿಂತಿದ್ದೆವು.

"ಬೇಕಾದರೆ ಕೊನೆ ಏನಾಗುತ್ತೆ ಅಂತ ನಾನು ಹೇಳಬಹುದು," ಎಂದ ಸುಧನ್ವ.

"ಹೇಳಬ್ಯಾಡ್ರೀ!" ಎಂದು ಇಡೀ ಟಾಕೀಸು ಒಟ್ಟಿಗೆ ಕೂಗಿತು. ಎಲ್ಲರಿಗಿಂತ ಜೋರಾಗಿ ಕೂಗಿದವನು ಪಂಪಣ್ಣ.

ಊರಿನಲ್ಲಿ ಅಷ್ಟು ಅಗಲದ ಗೋಡೆ ಇನ್ನೊಂದೇ ಇತ್ತು. ಅದು ಎಲ್ಲರಿಗೂ ಗೊತ್ತಿತ್ತು. ಹಾಲಮ್ಮ ಅದರ ನಡುಮಧ್ಯೆ ನಿಂತಿದ್ದಾಳೆ ಎಂಬುದೂ ಗೊತ್ತಿತ್ತು. ಅದಕ್ಕೇ ಒಬ್ಬರೂ ನನ್ನ ಮುಖ ನೋಡಲಿಲ್ಲ, ಬಾಯಿಬಿಟ್ಟು ಕೇಳಲಿಲ್ಲ. ಗೋಡೆ ಬೀಳಿಸಿದವನು ನಾನು, ಮಾತು ಕೊಟ್ಟವನೂ ನಾನು. ಜನರೆಲ್ಲ ಕಾಲು ಬದಲಿಸುತ್ತ ನಿಂತಿದ್ದಾಗ ನಾನೇ ಸುಧನ್ವನಿಗೆ ಹೇಳಿದೆ: "ಒಂದು ಪಟ್ಟು ಅಲ್ಲಿ ಹಾಕಿ. ನಮ್ಮೋಳು ಅಲ್ಲೇ ಇರ್ತಾಳೆ. ಸುಣ್ಣ ಮಾತ್ರ ಹೊಡೆಯೋದಿಲ್ಲ."

ಸುದ್ದಿ ಕೇಳಿ ಓಬವ್ವ ಬಂದು ಗೋಡೆಗೆ ಬೆನ್ನು ಕೊಟ್ಟು ಕೂತಳು. "ನನ್ನ ಮಗಳ ಮ್ಯಾಲೆ ಯಾರ್ಯಾರನ್ನೋ ಕುಣಿಸ್ತೀಯೇನೋ ಅಳಿಯಪ್ಪ?"

"ಅದರಲ್ಲಿ ಯಾರೂ ಕುಣಿಯಲ್ಲ ಅತ್ತೆ. ನೀನೇ ನೋಡಿದೀಯಲ್ಲ."

"ಅದೂ ನಿಜ ಅನ್ನು," ಎಂದು ಸ್ವಲ್ಪ ಸರಿದಳು.

ಆ ಮಧ್ಯಾಹ್ನ ಲೂದಮ್ಮ ಮಾಡಿದ್ದನ್ನು ನಾನು ಮರೆಯಲಾರೆ. ಪ್ರೊಜೆಕ್ಟರನ್ನು ಬಯಲಿನಲ್ಲಿ ಇಟ್ಟು, ಒಂದು ಗೇಣು ಹಿಂದೆ, ಎರಡು ಬೆರಳು ಎಡಕ್ಕೆ, ಕೆಳಗೆ ಇಟ್ಟಿಗೆ ಚೂರು ಕೊಟ್ಟು, ಮತ್ತೆ ತೆಗೆದು, ಬಿಸಿಲಿಳಿಯುವ ತನಕ ಸರಿಸಿದರು. ಊಟಕ್ಕೆ ಕರೆದರೆ "ತಡಿ" ಅಂದರು. ಅವರು ಕಲಿತಿದ್ದ ಕನ್ನಡದಲ್ಲಿ ಅದೊಂದು ಮಾತು. ಯಾಕೆ ಅಷ್ಟು ಒದ್ದಾಟ ಎಂದು ಕತ್ತಲಾಗಿ ದೀಪ ಬಿದ್ದ ಮೇಲೆ ತಿಳಿಯಿತು. ಹಿಮ ಬಿದ್ದ ದಡ ಗೋಡೆಯ ಮೇಲೆ ಹರಡಿತು. ಹಾಲಮ್ಮನ ಪಾದ ಸರಿಯಾಗಿ ಆ ದಡದ ಮೇಲೆ ಊರಿತ್ತು. ಹುಡುಗಿ ಬಂದು ಅವಳ ಪಕ್ಕದಲ್ಲೇ ನಿಂತಳು. ಇಬ್ಬರೂ ನದಿ ನೋಡಿದರು. ಬಯಲಿನಲ್ಲಿ ಒಂದು ಮಗುವೂ ಅಳಲಿಲ್ಲ. ಪಟ್ಟು ಮುಗಿಯುವ ಹೊತ್ತಿಗೆ ಹುಡುಗಿ ಒಂದು ಕಾಲನ್ನು ಮಂಜುಗಡ್ಡೆಯ ಮೇಲಿಟ್ಟಿದ್ದಳು. ಹಾಲಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತ ರೀತಿ, ಹುಷಾರು ಕಣೇ ಎನ್ನುತ್ತಿರುವ ಹಾಗಿತ್ತು.

ಮಾರನೆಯ ಬೆಳಿಗ್ಗೆ ಗೋಡೆಯ ಮೇಲೆ ಅವೆಲ್ಲ ಹಾಗೇ ಇದ್ದವು. ಓಬವ್ವ ಕೈಯಿಟ್ಟು ನೋಡಿದಳು. ಗೋಡೆ ಮೊದಲಿಗಿಂತ ತಣ್ಣಗಿತ್ತು. "ಹಿಮದಾಗೆ ಬರಿಗಾಲಲ್ಲಿ ನಿಲ್ಲಿಸಿಬಿಟ್ರಲ್ಲೋ ನನ್ನ ಮಗಳ್ನ. ಚಳಿ ಆಗ್ತದಲ್ಲೋ ಅವಳಿಗೆ," ಎಂದು ಸೆರಗಿನಿಂದ ಆ ಪಾದದ ಜಾಗ ಉಜ್ಜಿದಳು. ಆದರೆ ಅದು ಚೆನ್ನಾಗಿಲ್ಲ ಎಂದು ಅವಳೂ ಅನ್ನಲಿಲ್ಲ. ಒಂದು ಕ್ಷಣ ನನಗೆ, ಇದನ್ನು ಹೀಗೇ ಬಿಟ್ಟರೆ ಸಾಕು, ಇದಕ್ಕಿಂತ ಒಳ್ಳೆಯ ಗೋಡೆ ಯಾವ ಊರಿನಲ್ಲಿದೆ ಎನ್ನಿಸಿತು.

ಇನ್ನೊಂದು ಪಟ್ಟು ಉಳಿದಿತ್ತು. ಸುಣ್ಣವಿಲ್ಲದೆ ಅದು ಕಾಣುವಂತಿರಲಿಲ್ಲ. ಮಾರನೆಯ ಮುಂಜಾನೆ ಲೂದಮ್ಮ ಹೊರಡಲೇಬೇಕಿತ್ತು. ಆಕೆ ಸುಧನ್ವನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ನಾನು ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದೆ. ಆಕೆ ನೆಲದ ಮೇಲೆ ಕೂತು ಜೇಬಿನಿಂದ ಒಂದು ಹಿಡಿ ಬೀಜ ತೆಗೆದು ವನಜಳ ಕೈಗೆ ಸುರಿದರು. ಆಮೇಲೆ ಮೆಲ್ಲಗೆ ಮಾತಾಡಿದರು.

"ಅವರೂ ಒಂದು ಮಾತು ಕೊಟ್ಟಿದಾರೆ, ನೀವೂ ಒಂದು ಕೊಟ್ಟಿದೀರಿ," ಎಂದ ಸುಧನ್ವ. "ಒಬ್ಬರು ತಪ್ಪಲೇಬೇಕು ಅಂತಾದ್ರೆ ತಾನು ತಪ್ಪುತೀನಿ ಅಂತಿದಾರೆ. ತಾನು ಬೇರೆ ಕಡೆಯವಳು, ಜನ ನಾಲ್ಕು ದಿನ ಆಡ್ಕೊಂಡು ಸುಮ್ಮನಾಗ್ತಾರೆ. ನೀವು ಇಲ್ಲೇ ಬಾಳಬೇಕಾದವರು ಅಂತ."

ನಾನು ಮುದ್ದೆ ಕಟ್ಟಿ ಬಡಿಸಿದೆ. ಲೂದಮ್ಮ ನಮ್ಮ ಹಾಗೆಯೇ ನುಂಗಲು ಹೋಗಿ ಕಣ್ಣಲ್ಲಿ ನೀರು ತಂದುಕೊಂಡು, ಮತ್ತೊಂದು ತುತ್ತು ಮುರಿದರು. ಉಂಡು ಅವರು ಹೋದ ಮೇಲೆ ವನಜ ತಟ್ಟೆ ತೊಳೆದಿಟ್ಟು ಬಂದು ನನ್ನೆದುರು ನಿಂತಳು.

"ಅಪ್ಪಾ, ಆ ಹುಡುಗಿ ದಾಟ್ತಾಳೋ ಇಲ್ವೋ ನಂಗೆ ಗೊತ್ತಾಗ್ಬೇಕು."

"ಅಮ್ಮ ಹೋಗ್ತಾಳಲ್ಲೇ."

"ಅಮ್ಮ ಎಲ್ಲಿಗೆ ಹೋಗ್ತಾಳೆ? ನಂಗೆ ಅಮ್ಮ ಬಾಯಿಪಾಠ ಬರ್ತಾಳೆ."

ಹಾಗೆಂದು ಕಣ್ಣು ಮುಚ್ಚಿಕೊಂಡು, ಅಡುಗೆ ಮನೆಯ ಗೋಡೆಯ ಮೇಲೆ ಬೆರಳಿಟ್ಟಳು. ತುರುಬಿನಿಂದ ಶುರು ಮಾಡಿದಳು. ಕಿವಿಯ ಹಿಂದೆ ಬಿಚ್ಚಿಕೊಂಡಿದ್ದ ಕೂದಲ ಎಳೆ, ಕತ್ತು, ಭುಜ ಇಳಿಯುವ ರೀತಿ, ಸೊಂಟದ ಮೇಲಿನ ಮೊಳಕೈ, ಅದರ ಮತ್ತು ಸೊಂಟದ ನಡುವೆ ಬೆಳಕು ತೂರುವ ಕಿಂಡಿ, ಸೀರೆಯ ನೆರಿಗೆ. ಬೆರಳು ಎಲ್ಲೂ ತಡವರಿಸಲಿಲ್ಲ. ಗೋಡೆಯ ಮೇಲೆ ಏನೂ ಮೂಡಲಿಲ್ಲ. ಆದರೆ ನಾನು ಹಾಲಮ್ಮನನ್ನು ನೋಡಿದೆ. ಅಷ್ಟು ವರ್ಷ ನಾನು ಅಳೆದದ್ದು ಮಗಳ ಎತ್ತರ ಮಾತ್ರ. ಅವಳು ಅಲ್ಲಿ ನಿಂತು ಏನು ಓದಿಕೊಳ್ಳುತ್ತಿದ್ದಳು ಎಂದು ನೋಡಿರಲಿಲ್ಲ.

ಅವಳನ್ನು ಕರೆದುಕೊಂಡು ಗೋದಾಮಿನ ಗೋಡೆ ಹತ್ತಿರ ಹೋದೆ. ಹಿಮದ ದಡದ ಮೇಲೆ ನಿಂತ ತಾಯಿಯ ಪಕ್ಕ ನಿಲ್ಲಿಸಿದೆ. "ಹಿಮ್ಮಡಿ ಊರು," ಅಂದೆ. ಅವಳು ಆಗಲೇ ಊರಿದ್ದಳು. ಅಳೆದೆ. ನಾಲ್ಕು ಬೆರಳು ಕಡಿಮೆ ಇತ್ತು.

"ಇನ್ನಾರು ತಿಂಗಳು ತಡಿಯೇ," ಅಂದೆ.

"ಆರು ತಿಂಗಳು ಲೂದಮ್ಮ ಇರ್ತಾರಾ?"

ಸುಣ್ಣದ ಕೊಳಗ ತಂದೆ. ಈ ಸಲ ಹೆರೆದೇ ಹೊಡೆದೆ, ನಿಧಾನವಾಗಿ, ಮೇಲಿನಿಂದ. ವನಜ ಕೆಳಗಿನಿಂದ ಬಕೆಟ್ಟು ಎತ್ತಿ ಕೊಟ್ಟಳು. ಹಾಲಮ್ಮನ ಮುಖದ ಜಾಗಕ್ಕೆ ಬಂದಾಗ ಒಮ್ಮೆ ಏಣಿಯಿಂದ ಇಳಿದು ನೀರು ಕುಡಿದು ಮತ್ತೆ ಹತ್ತಿದೆ. ಹೆರೆದ ಪುಡಿ ತಣ್ಣಗೆ ಮುಂಗೈ ಮೇಲೆ ಬೀಳುತ್ತಿತ್ತು. ಓಬವ್ವ ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡಳು. ನೋಡಿದಳು. ಹತ್ತಿರ ಬರದೆ ಹಿಂದಿರುಗಿದಳು. ಅವತ್ತಿನಿಂದ ಇವತ್ತಿನವರೆಗೆ ನನ್ನ ಜೊತೆ ಮಾತಾಡಿಲ್ಲ. ಸಂಜೆ ಸಿನಿಮಾಕ್ಕೆ ಮಾತ್ರ ಎಲ್ಲರಿಗಿಂತ ಮೊದಲು ಬಂದು ಮುಂದೆ ಕೂತಿದ್ದಳು.

ಕೊನೆಯ ಪಟ್ಟು ಹೀಗಿತ್ತು. ಹುಡುಗಿ ಎರಡನೆಯ ಕಾಲನ್ನೂ ಮಂಜುಗಡ್ಡೆಯ ಮೇಲಿಟ್ಟಳು. ನಡೆದಳು. ನಾವು ಈಚೆ ದಡದಲ್ಲೇ ಉಳಿದೆವು. ನದಿಯ ನಡುವೆ ಅವಳು ಬಗ್ಗಿ ಬೂಟಿನ ದಾರ ಕಟ್ಟಿಕೊಂಡಳು. ಎದ್ದು ಮತ್ತೆ ನಡೆದಳು. ಸಣ್ಣಗಾದಳು, ಚುಕ್ಕೆಯಾದಳು, ಆಮೇಲೆ ಅವಳು ಯಾವುದು ಹಿಮ ಯಾವುದು ತಿಳಿಯಲಿಲ್ಲ. ಬಹಳ ಹೊತ್ತು ಬರೀ ನದಿ. ಬರೀ ಬಿಳುಪು. ಪಂಪಣ್ಣ ನನ್ನ ಕೈ ಹಿಡಿದುಕೊಂಡಿದ್ದ. ಕೊನೆಗೆ ಆಚೆ ದಡದಲ್ಲಿ ಯಾರೋ ಒಂದು ದೀಪ ಹಚ್ಚಿದರು.

"ಮುಗೀತು," ಎಂದರು ಲೂದಮ್ಮ, ಕನ್ನಡದಲ್ಲಿ.

ಒಬ್ಬರೂ ಏಳಲಿಲ್ಲ. ಸಿನಿಮಾ ಮುಗಿದ ಮೇಲೆ ಏನು ಮಾಡಬೇಕು ಎಂದು ನಮಗೆ ಗೊತ್ತಿರಲಿಲ್ಲ. ಚಮನ್ ಸಾಬ ಪಂಪಣ್ಣನ ಕಡೆ ತಿರುಗಿ, "ಮುಂದೇನಾಯ್ತು ಹೇಳೋ," ಎಂದು ಅಭ್ಯಾಸಬಲದಿಂದ ಕೇಳಿದ. "ಆಯ್ತಲ್ಲೋ, ಕಾಣ್ಲಿಲ್ವಾ ನಿಂಗೆ? ದಾಟಿದ್ಲು," ಎಂದ ಪಂಪಣ್ಣ. ಆಮೇಲೆ ಓಬವ್ವ ಎದ್ದು ಹೋಗಿ ಲೂದಮ್ಮನ ಕೋಟಿನ ಗುಂಡಿ ಹಾಕಿದಳು, ಚಳಿ ಎಂದು. ಎಲ್ಲರೂ ಎದ್ದರು.

ಮುಂಜಾನೆ ವ್ಯಾನು ಹೋಯಿತು. ಟಾಕೀಸಿನ ಹಿಂದಿನ ಗೋಡೆಯಲ್ಲಿ ಲೂದಮ್ಮನ ನೆರಳಿದೆ. ಎಷ್ಟು ಹೇಳಿದರೂ ತನ್ನ ಸಿನಿಮಾ ಓಡುವಾಗ ಆಕೆ ಒಂದೇ ಕಡೆ ನಿಂತುಬಿಡುತ್ತಿದ್ದರು. ಪಂಪಣ್ಣ ಅದಕ್ಕೆ ಸುಣ್ಣ ಹೊಡೆಸುವುದಿಲ್ಲ. ಗೋದಾಮಿನ ಗೋಡೆಯ ಮೇಲೆ ಹೆಚ್ಚುಕಡಿಮೆ ಏನೂ ಇಲ್ಲ, ಬಲಗಡೆ ಮೇಲೊಂದು ದೀಪದ ಚುಕ್ಕೆ, ಅಷ್ಟೆ. ಮಧ್ಯಾಹ್ನ ಆ ಗೋಡೆ ಬಿಸಿಯಾಗುತ್ತದೆ.

ಲೂದಮ್ಮ ಕೊಟ್ಟ ಮಾತು ಉಳಿಯಿತು. ನಾನು ಕೊಟ್ಟದ್ದು ನಾಲ್ಕು ಬೆರಳಿಗೆ ತಪ್ಪಿತು.